ಚೇಷ್ಟೆ ಅಲ್ಲದ ಮಾತು

ನನ್ನ ಹೆಂಡತಿ ಇನ್ನೊಬ್ಬ ಗಂಡಸಿನ ಕಣ್ಣೊಳಗೆ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡದ್ದು ಅಥಣಿಯಲ್ಲಿ, ಅವಳು ನರ್ಸ್ ಆಗಿ ಕೆಲಸ ಮಾಡುತ್ತಿದ್ದ ಖಾಸಗಿ ದವಾಖಾನೆಯ ಮಹಡಿಯ ಮೇಲೆ, ಹಾಡುಹಗಲಿನಲ್ಲಿ, ಆ ಗಂಡಸಿನ ತಾಯಿಯ ಎದುರಿಗೇ.

ಅವಳ ಕೈಯಲ್ಲಿ ಪೆನ್ನಿನಷ್ಟು ತೆಳ್ಳಗಿನ ಬ್ಯಾಟರಿ ಇತ್ತು. ಅದರ ಬೆಳಕನ್ನು ಅವನ ಒಂದು ಕಣ್ಣಿಗೆ ಬಿಟ್ಟಳು, ತೆಗೆದಳು, ಇನ್ನೊಂದಕ್ಕೆ ಬಿಟ್ಟಳು. ಆಮೇಲೆ ಎರಡೂ ಕೈಗಳ ಎರಡೆರಡು ಬೆರಳನ್ನು ಅವನ ಮುಂದೆ ಹಿಡಿದಳು.

"ನನ್ನ ಬೆರಳ ಹಿಡಿ, ಮಾಮಾ. ಗಟ್ಟಿ ಹಿಡಿ. ಇನ್ನೂ ಗಟ್ಟಿ."

ಅವನು ಹಿಡಿದ.

"ಈಗ ನಗು ನೋಡೋಣು. ಹಲ್ಲ ತೋರಸು."

ಅವನು ನಕ್ಕ. ತಲೆಗೆ ಪಟ್ಟಿ ಸುತ್ತಿಕೊಂಡಿದ್ದರೂ ನಗು ಚೆನ್ನಾಗಿಯೇ ಇತ್ತು. ನಾನು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಡಬ್ಬಿ ಇತ್ತೆಂದು ಬರೆಯುತ್ತಿದ್ದೇನೆ, ಆದರೆ ಅದು ನಿಜವಾಗಿ ಇತ್ತೋ, ಬಾಗಿಲಲ್ಲಿ ಸುಮ್ಮನೆ ನಿಂತ ಗಂಡನ ಕೈಗೆ ನಾನೇ ಈಗ ಏನೋ ಒಂದನ್ನು ಕೊಡುತ್ತಿದ್ದೇನೋ, ಹೇಳಲಾರೆ. ಎಂಬತ್ತರ ದಶಕದ ಕೊನೆಯ ಮಾತು. ಮಗಳು ಇನ್ನೂ ಹುಟ್ಟಿರಲಿಲ್ಲ ಎನ್ನುವುದೊಂದೇ ನನಗಿರುವ ಗುರುತು.

ಅವಳು ಮಾಡುತ್ತಿದ್ದುದು ತಲೆಗೆ ಪೆಟ್ಟು ಬಿದ್ದವರಿಗೆಲ್ಲ ಮಾಡುವ ಪರೀಕ್ಷೆ. ಅದು ನನಗೆ ಗೊತ್ತಿತ್ತು, ಅವಳೇ ಹಿಂದೊಮ್ಮೆ ತಿಳಿಸಿ ಹೇಳಿದ್ದಳು. ಮೇಲಿನ ಗಾಯ ಎಷ್ಟು ದೊಡ್ಡದೆಂಬುದು ಮುಖ್ಯವಲ್ಲ, ಒಳಗೆ ರಕ್ತ ಜಿನುಗುತ್ತಿದೆಯೇ ಎಂಬುದು ಮುಖ್ಯ. ಅದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಕಾಣುವ ಸಣ್ಣ ಸಣ್ಣ ಸಂಗತಿಗಳನ್ನು ಕಾಯಬೇಕು. ಕಣ್ಣಿನ ಎರಡು ಪಾಪೆಗಳು ಒಂದೇ ಅಳತೆಯಲ್ಲಿವೆಯೇ, ಬೆಳಕಿಗೆ ಕುಗ್ಗುತ್ತವೆಯೇ. ಎರಡು ಕೈಗಳ ಹಿಡಿತ ಸಮನಾಗಿದೆಯೇ. ನಕ್ಕರೆ ಬಾಯಿ ಒಂದು ಕಡೆ ಎಳೆಯುತ್ತದೆಯೇ. ತಾನು ಯಾರು, ಎಲ್ಲಿದ್ದೇನೆ, ಎದುರಿಗಿರುವವರು ಯಾರು ಎಂದು ಹೇಳಬಲ್ಲನೇ. "ಮುಂಜಾನೆ ಹೆಂಗಿದ್ದ, ಈಗ ಹೆಂಗದಾನ, ಅದ ನೋಡಬೇಕ್ರಿ. ಬದಲಾತಂದ್ರ ಅಂಜಬೇಕು" ಎಂದಿದ್ದಳು. ಇಷ್ಟೆಲ್ಲ ಗೊತ್ತಿದ್ದರೂ ಕಣ್ಣಲ್ಲಿ ಕಣ್ಣು, ಕೈಯಲ್ಲಿ ಕೈ, ಮೇಲೆ ನಗು ಎನ್ನುವುದು ನನಗೆ ಪರೀಕ್ಷೆಯಾಗಿ ಕಾಣಲಿಲ್ಲ.

ಅದಕ್ಕೆ ಕಾರಣ ಅವನು. ಶೇಡಬಾಳದವನು, ಅವಳ ಸೋದರತ್ತೆಯ ಮಗ. ನಮ್ಮ ಕಡೆ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರತ್ತೆಯ ಮಗನದು. ತೊಟ್ಟಿಲಲ್ಲಿದ್ದಾಗಲೇ ಇವಳು ಅವನ ಹೆಂಡತಿ ಎಂದು ಎರಡೂ ಮನೆಯವರು ಅಂದುಕೊಂಡು, ಅಂದು ನಕ್ಕು, ಹಬ್ಬ ಹಬ್ಬಕ್ಕೂ ಅದನ್ನೇ ಹೇಳಿ ಬೆಳೆಸಿದ್ದರು. ಇವಳು ಅವನನ್ನು ಮಾಮಾ ಎಂದೇ ಕರೆಯುವುದು. ಗಂಡನಾಗಬಹುದಾದವನನ್ನು ಕರೆಯುವ ಶಬ್ದ ಅದು. ಮದುವೆ ಆಗಲಿಲ್ಲ. ಇವಳು ನರ್ಸಿಂಗ್ ಕಲಿಯಲು ಹೋದಳು. ಕಂಡಕಂಡವರ ಮೈ ಮುಟ್ಟುವ ಕೆಲಸದ ಸೊಸೆ ಬೇಡವೆಂದು ಸೋದರತ್ತೆ ಸುಮ್ಮನಾದಳು. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಅಥಣಿಯ ಕಾಲೇಜಿನಲ್ಲಿ ತರ್ಕ ಕಲಿಸುತ್ತಿದ್ದ ನನಗೆ ಅಂಥ ಮಡಿ ಇರಲಿಲ್ಲ. ಹಾಗೆ ಇವಳು ನನ್ನ ಹೆಂಡತಿಯಾದಳು. ಬೇಡವೆಂದವರು ಅವರು, ಬೇಕೆಂದವನು ನಾನು. ಆದರೂ ನನ್ನ ಮನೆಯಲ್ಲಿ ಅವನಿಗೆ ಮಾಮಾ ಎನ್ನುವ ಪದವಿ ಹಾಗೇ ಉಳಿದಿತ್ತು, ನನಗೆ ಬರೀ 'ರೀ'. ಅವನು ಇನ್ನೂ ಮದುವೆಯಾಗಿರಲಿಲ್ಲ ಎಂಬುದೂ ನನ್ನ ತಲೆಯಲ್ಲಿತ್ತು.

ಹಿಂದಿನ ದಿನ ಅವನು ಫಟಫಟಿಯ ಮೇಲೆ ಅಥಣಿಗೆ ಬರುವಾಗ ಕಬ್ಬಿನ ಗಾಡಿಯೊಂದನ್ನು ದಾಟಲು ಹೋಗಿ ಜಾರಿ ಬಿದ್ದಿದ್ದ. ಸ್ವಲ್ಪ ಹೊತ್ತು ಎಚ್ಚರ ತಪ್ಪಿತ್ತಂತೆ. ದವಾಖಾನೆಗೆ ತರುವಾಗಲೇ ಎದ್ದು ಕೂತಿದ್ದ. ಕಿವಿಯ ಮೇಲೆ ಹೊಲಿಗೆ ಹಾಕಿದರು. ಡಾಕ್ಟರು, ಒಂದೆರಡು ದಿನ ಇಟ್ಟುಕೊಂಡು ನೋಡೋಣ, ಏನಾದರೂ ಬದಲಾದರೆ ಮಿರಜಿಗೆ ಕಳಿಸೋಣ ಎಂದಿದ್ದರು. ತಲೆ ತೆರೆದು ನೋಡುವವರು, ಒಳಗಿನ ಚಿತ್ರ ತೆಗೆಯುವ ಯಂತ್ರ, ಎಲ್ಲ ಇದ್ದದ್ದು ಗಡಿಯಾಚೆ ಮಿರಜಿನಲ್ಲಿ. ಮೊದಲ ದಿನ ಸಂಜೆ ನಾನು ನೋಡಲು ಹೋದಾಗ ಅವನೇ ಎದ್ದು ಒರಗಿ ಕೂತು, "ಬರ್ರಿ ಸರ, ಕೂಡ್ರಿ. ಕಾಲೇಜ ಹೆಂಗ ನಡದೈತಿ?" ಎಂದು ವಿಚಾರಿಸಿದ್ದ. ಆಗಲೂ ಅವನ ಮಾತಿನ ಠೀವಿ ನನಗೆ ಸೇರಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತಿದ್ದಾಗ ನಗಿಸಿ, ಬೆರಳು ಹಿಡಿಸಿ ಆದ ಮೇಲೆ ಇವಳು ಕೇಳಿದಳು:

"ಮಾಮಾ, ನಾ ಯಾರ ಹೇಳು?"

ಅವನು ತಡೆದು ಹೇಳಿದ: "ನೀ ನನ್ನ ಹೆಂಡ್ತಿ ಆಗಾಕಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಪಕ್ಕದ ಮಂಚದ ಮುದುಕ ಕೆಮ್ಮುತ್ತ ನಕ್ಕ. ಹಿರಿಯ ಸಿಸ್ಟರ್ ಒಬ್ಬರು, ನಿಪ್ಪಾಣಿ ಕಡೆಯವರು, ಔಷಧದ ತಟ್ಟೆ ಹಿಡಿದವರು ಅಲ್ಲೇ ನಿಂತು, "ಅಯ್ಯ, ತಲಿ ಒಡದ್ರೂ ಚ್ಯಾಷ್ಟಿ ಬಿಟ್ಟಿಲ್ಲ ನೋಡು ಇವ! ಇನ್ನೇನ ಮನಿಗೆ ಕಳಸ್ರಿ ಇವನ್ನ" ಎಂದರು. ಅವನ ತಾಯಿ, "ಕೈ ಬಿಟ್ಟ ಹೋದಾಕಿನ ಯಾಕ ಕಾಡತೀಯೋ, ಬಾಡ್ಯಾ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನ್ನ ಹೆಂಡತಿಯೂ ನಕ್ಕಳು. ಕೆನ್ನೆ ಕೆಂಪಾಗಿತ್ತು ಎಂದು ನನ್ನ ನೆನಪು, ಇಲ್ಲವೆಂದು ಅವಳ ಹಟ. ಸೋದರತ್ತೆಯ ಮಗ ಇಂಥ ಮಾತಾಡುವುದು ನಮ್ಮ ಕಡೆ ತಪ್ಪಲ್ಲ. ಆಡದಿದ್ದರೆ ಮುನಿಸಿಕೊಂಡಿದ್ದಾನೆ ಎನ್ನುತ್ತಾರೆ. ಹೆಣ್ಣಿನ ಗಂಡ ಎದುರಿಗಿದ್ದರೆ ಇನ್ನೂ ಜೋರಾಗಿ ಆಡಬೇಕು, ಗಂಡನೂ ನಗಬೇಕು.

ನಾನು ನಗಲಿಲ್ಲ. ಅವನನ್ನೇ ನೋಡುತ್ತಿದ್ದೆ. ಹೊಟ್ಟೆಕಿಚ್ಚಿನವನಿಗೆ ಇನ್ನೆಲ್ಲಿ ನೋಡಲು ಬರುತ್ತದೆ? ಅವನು ನನ್ನ ಕಡೆಗೊಮ್ಮೆ ತಿರುಗಿ, ತಾಯಿಯನ್ನು ಮೆಲ್ಲಗೆ ಕೇಳಿದ: "ಇವ್ರ ಯಾರ ಬೇ?"

ತಾಯಿ ಮತ್ತೆ ನಕ್ಕರು. "ಅಳಿಯಾರ, ಮನಸಿಗೆ ಹಚ್ಚಗೋಬ್ಯಾಡ್ರಿ. ಇವನ ಹೊಟ್ಟಿ ಉರಿ ಇನ್ನೂ ಆರಿಲ್ಲ."

ಇವಳು ಅಷ್ಟರಲ್ಲಿ ಪಕ್ಕದ ಕೋಣೆಗೆ ಹೋಗಿದ್ದಳು. ಹೊಟ್ಟೆ ಉರಿ ಯಾರದೆಂದು ಆ ತಾಯಿಗೆ ಗೊತ್ತಿರಲಿಲ್ಲ. ನಾನು ಡಬ್ಬಿ ಇಟ್ಟು, ಇದ್ದಿದ್ದರೆ, ಹೊರಟು ಬಂದೆ.

ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ. ಇವಳು ಹಗಲಿನ ಪಾಳಿ ಮುಗಿಸಿ ಬಂದು, ಅವಸರದಲ್ಲಿ ರೊಟ್ಟಿ ಬಡಿದು, ಬಿಸಿಲು ಅಂಗಳದಿಂದ ಸರಿಯುವ ಮೊದಲೇ ಬಡಿಸುತ್ತಿದ್ದಳು. ನಾನು ಮಾತು ತೆಗೆದೆ.

"ಹೆಂಗದಾನ ನಿಮ್ಮ ಮಾಮಾ?"

"ಆರಾಮ ಅದಾನ್ರಿ. ತಲಿ ಭಾಳ ನೋಯತೈತಿ ಅಂತಾನ. ಮಲಗತೀನಿ ಅಂತಾನ. ಆದ್ರ ಚ್ಯಾಷ್ಟಿ ಮಾಡಾಕತ್ತಾನಲ್ಲ, ಭಾಳ ಚಿಂತಿ ಇಲ್ಲ."

"ಅದು ಚ್ಯಾಷ್ಟಿ ಅಲ್ಲ."

"ಮತ್ತೇನ್ರಿ?"

"ಚ್ಯಾಷ್ಟಿ ಮಾಡಾವ ನಗತಾನ. ಅವ ನಕ್ಕನೇನು? ಎಲ್ಲಾರೂ ನಕ್ರಿ, ನೀನೂ ನಕ್ಕಿ. ಅವ ಒಬ್ಬನ ನಗಲಿಲ್ಲ. ಇವ್ರೆಲ್ಲ ಯಾಕ ನಗಾಕತ್ತಾರ ಅಂತ ಒಬ್ಬೊಬ್ಬರ ಮಾರಿ ನೋಡಿದ. ಅವ ಖರೇನ ಅಂದಾನ."

ಚುಚ್ಚಲೆಂದೇ ಆಡಿದ ಮಾತು. ನಿನ್ನ ಮೇಲೆ ಅವನ ಮನಸ್ಸು ಇನ್ನೂ ಇದೆ, ನಿನಗೂ ಗೊತ್ತಿದೆ ಎನ್ನುವುದು ಅದರ ಅರ್ಥ. ಅವಳು ಅಳುತ್ತಾಳೆ ಅಥವಾ ರೇಗುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಇನ್ನೊಮ್ಮೆ ಹೇಳ್ರಿ."

"ಏನು ಹೇಳೂದು?"

"ನಾ ಕೇಳಿದ ಕೂಡ್ಲೆ ಹೇಳಿದ್ನೋ, ತಡದ ಹೇಳಿದ್ನೋ?"

"ತಡದ."

"ನಗಲೇ ಇಲ್ಲ? ತುಟಿ ಅಂಚಿನ್ಯಾಗೂ?"

"ಇಲ್ಲಂದೆನಲ್ಲ. ಮ್ಯಾಲೆ ನನ್ನ ನೋಡಿ ಇವ್ರ ಯಾರಂತ ಅವ್ರ ಅವ್ವನ್ನ ಕೇಳಿದ. ಸೊಕ್ಕು."

"ನಿಮ್ಮನ್ನ? ನಿನ್ನೆ ಕೂಡ್ರಿ ಸರ ಅಂದಾವ?"

"ಹೂಂ."

"ಇದನ್ನ ಆವಾಗ ಯಾಕ ಹೇಳಲಿಲ್ರಿ?"

"ನಿಮ್ಮ ಮಾಮಾ ನನ್ನ ಗುರತ ಹಿಡೀಲಿಲ್ಲಂತ ಊರ ತುಂಬ ಹೇಳ್ಕೋತ ತಿರಗಲೇನು?"

ಅವಳು ಎದ್ದುಬಿಟ್ಟಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಹೊತ್ತು ಮುಳುಗಿದರೆ ಇನ್ನು ನಾಳೆಯೇ ತಿನ್ನುವುದು; ಅದು ಅವಳಿಗೆ ನೆನಪೇ ಇರಲಿಲ್ಲ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಓಣಿಯಲ್ಲಿ ಓಡುವ ಹಾಗೆ ನಡೆದಳು. ನನ್ನ ಜ್ವರಕ್ಕೆ ಅವಳು ಹೀಗೆ ಎಂದಾದರೂ ಓಡಿದ್ದಾಳೆಯೇ ಎಂದು ಲೆಕ್ಕ ಹಾಕುತ್ತ ನಾನು ಹಿಂದೆ ಹೋದೆ.

ದವಾಖಾನೆಯಲ್ಲಿ ಅವನು ಮಲಗಿದ್ದ. ಅಲುಗಾಡಿಸಿ ಎಬ್ಬಿಸಬೇಕಾಯಿತು.

"ಮಾಮಾ, ಎರಡೂ ಕೈ ಮುಂದ ಚಾಚು. ಅಂಗೈ ಮ್ಯಾಲೆ ಮಾಡು. ಈಗ ಕಣ್ಣ ಮುಚ್ಚು."

ಅವನು ಚಾಚಿದ. ಎಡಗೈ ಇದ್ದಲ್ಲೇ ಇತ್ತು. ಬಲಗೈ, ಯಾರೋ ಮೆಲ್ಲಗೆ ಒತ್ತಿದ ಹಾಗೆ, ಒಳಮುಖವಾಗಿ ತಿರುಗುತ್ತ ಕೆಳಗಿಳಿಯಿತು. ಅದು ಇಳಿಯುತ್ತಿರುವುದು ಅವನಿಗೇ ತಿಳಿದಿರಲಿಲ್ಲ. ಬ್ಯಾಟರಿ ಬಿಟ್ಟಾಗ ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿತ್ತು, ಕುಗ್ಗಲು ಸೋಮಾರಿತನ ಮಾಡುತ್ತಿತ್ತು. ಇದನ್ನು ನಾನೂ ನೋಡಿದೆ. ಅವಳೇ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ, "ನೋಡ್ರಿ, ನನ್ನ ಕಣ್ಣಿಗಷ್ಟ ಹಂಗ ಕಾಣತೈತೋ, ನಿಮಗೂ ಕಾಣತೈತೋ" ಎಂದು ತೋರಿಸಿದಳು.

"ಮಾಮಾ, ಎಲ್ಲಿದ್ದೀ ನೀ?"

"ಮನ್ಯಾಗ."

"ನಂದು ಲಗ್ನ ಆಗೇತೇನು?"

"ಎಲ್ಲಿದು. ಮುಂದಿನ ವರ್ಷ ಅಂದಾರಲ್ಲ."

ಈ ಸಲ ಯಾರೂ ನಗಲಿಲ್ಲ. ಅವನು ತನ್ನ ಹದಿನೆಂಟೋ ಇಪ್ಪತ್ತೋ ವರ್ಷದ ವಯಸ್ಸಿನಲ್ಲಿ, ಶೇಡಬಾಳದ ಮನೆಯಲ್ಲಿ, ನಾನು ಇನ್ನೂ ಬಂದಿರದ ಕಾಲದಲ್ಲಿ ಇದ್ದ. ಆ ಕಾಲದ ಮೇಲೆ ನನಗೆ ಅಸೂಯೆಯಾಯಿತು ಎಂದರೆ ನಂಬುತ್ತೀರೋ ಇಲ್ಲವೋ. ಅವನ ಪ್ರಾಣ ಹೋಗುತ್ತಿದೆಯೆಂದು ಅರ್ಥವಾದ ಮೇಲೂ ಆಯಿತು.

ಡಾಕ್ಟರು ಬಂದು ನೋಡಿ, ತಲೆಯೊಳಗೆ ರಕ್ತ ಗಡ್ಡೆಕಟ್ಟಿ ಮಿದುಳನ್ನು ಒತ್ತುತ್ತಿರಬೇಕು, ಈಗಿಂದೀಗಲೇ ಮಿರಜಿಗೆ ಹೊರಡಿ ಎಂದರು. ಒಂದು ಜೀಪು ಗೊತ್ತುಮಾಡಿದೆವು. ಹಿಂದೆ ಗಾದಿ ಹಾಸಿ ಅವನನ್ನು ಮಲಗಿಸಿ, ಒಂದು ಬದಿಗೆ ತಾಯಿ, ತಲೆಯ ಹತ್ತಿರ ನನ್ನ ಹೆಂಡತಿ. ಮುಂದೆ ಡ್ರೈವರನ ಪಕ್ಕ ನಾನು. ಇನ್ನೂ ಪಡುವಣದಲ್ಲಿ ಸ್ವಲ್ಪ ಕೆಂಪಿತ್ತು.

"ಇವನ್ನ ಮಾತಾಡಸ್ಕೋತ ಹೋಗಬೇಕು" ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ನಿದ್ದೆ ಹತ್ತಿತೋ ಪ್ರಜ್ಞೆ ಹೋಯಿತೋ ಎಂದು ತಿಳಿಯಲು ಅದೊಂದೇ ದಾರಿ. ಹಾಗಾಗಿ ಅಥಣಿಯಿಂದ ಮಿರಜಿನವರೆಗೆ ನನ್ನ ಬೆನ್ನ ಹಿಂದೆ ನನ್ನ ಹೆಂಡತಿ ಅವನನ್ನು ಕರೆಯುತ್ತಲೇ ಇದ್ದಳು. ಮಾಮಾ, ಇಲ್ಲಿ ನೋಡು. ಮಾಮಾ, ಕಣ್ಣ ತಗಿ. ಮಾಮಾ, ನನ್ನ ಕೈ ಹಿಡಿ. ಶೇಡಬಾಳದವರೆಗೆ ಅವನು ಹೂಂಗುಡುತ್ತಿದ್ದ. ಅವನ ಊರು ಬಂದಾಗ ತಾಯಿ, "ನಮ್ಮೂರ ಬಂತೋ ಅಪ್ಪಾ, ಏಳೋ" ಎಂದು ಅತ್ತರು. ಅವನು ಏಳಲಿಲ್ಲ. ಕಾಗವಾಡದ ಹತ್ತಿರ ಕಬ್ಬಿನ ಗಾಡಿಗಳ ಸಾಲು ರಸ್ತೆ ಕಟ್ಟಿತ್ತು. ಡ್ರೈವರ್ ಹಾರ್ನ್ ಒತ್ತುತ್ತ, ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಬೈಯುತ್ತಿದ್ದ.

ಹಿಂದಿನಿಂದ ಅವಳ ದನಿ ಏರಿತು. "ಮಾಮಾ! ಕಣ್ಣ ತಗಿ! ಏ ಮಾಮಾ!"

ಉತ್ತರವಿಲ್ಲ. ಅವಳು ಹೆಗಲ ಹತ್ತಿರ ಚಿವುಟಿರಬೇಕು, ತಾಯಿ "ನೋಯತೈತವ್ವ" ಎಂದರು. ಅವನು ಸುಮ್ಮನೇ ಇದ್ದ.

ಆಗ ಅವಳು ಬೇರೆಯೇ ದನಿಯಲ್ಲಿ, ಜಗಳ ತೆಗೆಯುವ ಹುಡುಗಿಯ ದನಿಯಲ್ಲಿ ಕೇಳಿದಳು: "ಯಾಕೋ, ನನ್ನ ಲಗ್ನ ಮಾಡ್ಕೊಳ್ಳಾಂವ ಇಲ್ಲೇನು? ಕಣ್ಣ ತಗದ ಹೇಳು."

ಏನೋ ಗೊಣಗಿದ್ದು ಕೇಳಿಸಿತು. ಅದಕ್ಕೆ ಅವಳು ಕೊಟ್ಟ ಉತ್ತರವೂ ಕೇಳಿಸಿತು. ಆದರೆ ಏನು ಕೇಳಿಸಿತು? "ನಾ ಮಾಡ್ಕೋತೀನಿ, ಕಣ್ಣ ತಗಿ" ಎಂದಳೋ, "ನಾ ಮಾಡ್ಕೋತಿದ್ನಿ, ಕಣ್ಣ ತಗಿ" ಎಂದಳೋ? ಮಾಡಿಕೊಳ್ಳುತ್ತೇನೆ ಎಂದರೆ ಅದು ಔಷಧ. ಕಾಯಿಲೆಯವನನ್ನು ಎಬ್ಬಿಸಲು ಹೇಳಿದ ಸುಳ್ಳು. ಮಾಡಿಕೊಳ್ಳುತ್ತಿದ್ದೆ ಎಂದರೆ ಅದು ಸುಳ್ಳಲ್ಲ. ಎರಡರ ನಡುವೆ ಇರುವುದು ಒಂದು ದಕಾರ. ಅದರ ಮೇಲೆ ಜೀಪಿನ ಹಾರ್ನ್ ಹಾಯಿತು. ನಾನು ಹಿಂದೆ ತಿರುಗಿ ನೋಡಲಿಲ್ಲ. ಎದುರಿನ ಗಾಡಿಯ ಕಬ್ಬಿನ ಸೋಗೆ ನೋಡುತ್ತ ಕೂತೆ.

ಮಿರಜಿನಲ್ಲಿ ಅವನನ್ನು ಒಳಗೆ ಒಯ್ದರು. ಶಸ್ತ್ರಕ್ರಿಯೆಯ ಡಾಕ್ಟರು ಹೊರಗೆ ಬಂದು, ಬದಲಾವಣೆ ಯಾವಾಗ ಶುರುವಾಯಿತು ಎಂದು ಕೇಳಿದರು. ಅವಳು, "ಮಧ್ಯಾಹ್ನ. ಮೊದಲು ಕಂಡಿದ್ದು ಇವರಿಗೆ" ಎಂದು ನನ್ನನ್ನು ಮುಂದೆ ತಳ್ಳಿದಳು. ಡಾಕ್ಟರರಿಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಹರಕು ಮರಾಠಿಯಲ್ಲಿ ನಾನು, ಈ ರೋಗಿ ಈ ಸಿಸ್ಟರಿಗೆ ನೀನು ನನ್ನ ಹೆಂಡತಿಯಾಗುವವಳು ಎಂದ, ಎಲ್ಲರೂ ನಕ್ಕರು, ಅವನು ನಗಲಿಲ್ಲ, ಅದಕ್ಕೇ ನನಗೆ ಸಂಶಯ ಬಂತು ಎಂದು ಹೇಳಿದೆ. ಅವರು ನನ್ನನ್ನು ದಿಟ್ಟಿಸಿ, ನೀವು ಯಾರು ಎಂದು ಕೇಳಿದರು.

"ಮೀ ತಿಚಾ ನವರಾ" ಎಂದೆ. ನಾನು ಅವಳ ಗಂಡ.

ಅವರೂ ನಗಲಿಲ್ಲ. ತಲೆಯಾಡಿಸಿ ಒಳಗೆ ಹೋದರು. ಬುರುಡೆಯಲ್ಲಿ ರಂಧ್ರ ಮಾಡಿ ರಕ್ತ ತೆಗೆದರು. ಮರುದಿನ ಮುಂಜಾನೆ ಅವನು ಕಣ್ಣು ತೆರೆದು ಚಹ ಕೇಳಿದ. ತಾಯಿ ಗೋಡೆಗೆ ಹಣೆ ಹಚ್ಚಿ ಅತ್ತರು, ಆಮೇಲೆ ನನ್ನ ಹೆಂಡತಿಯ ಎರಡೂ ಕೈ ಹಿಡಿದು ಏನೋ ಹೇಳಲು ಹೋಗಿ ಸುಮ್ಮನಾದರು. ಅವರು ಸೊಸೆಯಾಗಿ ಬೇಡವೆಂದ ಕೈಗಳು ಅವು. ಅವಳಿಗೆ ಸಿಕ್ಕ ಆ ಮೌನದ ಮೇಲೂ ನನಗೆ ಕಣ್ಣಿತ್ತು.

ಇಷ್ಟನ್ನು ನಾನು ನೇರವಾಗಿ ಹೇಳಿದ್ದೇನೆ, ಆದರೆ ಅವಳು ನೆಂಟರಿಗೆ ಹೇಳುವ ಕತೆ ಬೇರೆ. ಅದರಲ್ಲಿ, ಮಧ್ಯಾಹ್ನವೇ ಅವಳಿಗೆ ಮನಸ್ಸಿನಲ್ಲಿ ಚುಚ್ಚಿತ್ತು, ಮನೆಗೆ ಬಂದರೂ ತುತ್ತು ಇಳಿಯಲಿಲ್ಲ, ತಾನೇ ಎದ್ದು ಹೋದಳು. ನಾನು ಅದರಲ್ಲಿ ಇಲ್ಲವೇ ಇಲ್ಲ. ಜೀಪಿನಲ್ಲಿ ಮಾತ್ರ, ಡ್ರೈವರನ ಪಕ್ಕ ಕೂತವನು. ಮಿರಜಿನ ಡಾಕ್ಟರರ ಮುಂದೆ ನನ್ನನ್ನು ತಳ್ಳಿದ್ದು ಯಾಕೆ ಎಂದರೆ, "ನೀವು ಗಂಡಸರು, ನಿಮ್ಮ ಮಾತ ಲಗೂನ ಕೇಳತಾರಂತ" ಎನ್ನುತ್ತಾಳೆ. ಅವಳದೇ ನಿಜವಿರಬಹುದು. ತರ್ಕ ಕಲಿಸುವವನಾಗಿ ನನಗೆ ಗೊತ್ತಿರುವುದೇನೆಂದರೆ, ತನಗೆ ಅನುಕೂಲವಾದ ಸಾಕ್ಷಿಯನ್ನು ಹೇಳುವವನು ಒಳ್ಳೆಯ ಸಾಕ್ಷಿಯಲ್ಲ. ನನ್ನ ಹೊಟ್ಟೆಕಿಚ್ಚು ಒಬ್ಬನ ಜೀವ ಉಳಿಸಿತು ಎಂಬ ಕತೆ ನನಗೆ ಎಷ್ಟು ಅನುಕೂಲ!

ಕೆಲವು ತಿಂಗಳ ಮೇಲೆ ಅವನು ನಮ್ಮ ಮನೆಗೆ ಬಂದ. ದ್ರಾಕ್ಷಿಯ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದಿದ್ದ. ಬಲಗೈ ಇನ್ನೂ ಸ್ವಲ್ಪ ನಿಧಾನ. ತಲೆಯ ಒಂದು ಬದಿಗೆ ಹೊಸ ಕೂದಲು ಕುರುಚಲಾಗಿ ನಿಂತಿತ್ತು. ಕೂತು, ಚಹ ಕುಡಿದು, ಮುಜುಗರದಿಂದ ಕೇಳಿದ:

"ಸರ, ಆ ಎರಡ ದಿನದ್ದ ಒಂದೂ ನೆನಪಿಲ್ಲ ನನಗ. ಏನರ ಹುಚ್ಚುಚ್ಚಾರ ಮಾತಾಡಿದ್ನೇನ್ರಿ?"

ಒಳಗೆ ಪಾತ್ರೆ ಸದ್ದು ನಿಂತಿತು.

"ನನ್ನ ಗುರತ ಹಿಡೀಲಿಲ್ಲ ನೀವು" ಎಂದೆ. "ಇವ್ರ ಯಾರು ಅಂದ್ರಿ."

"ಛೇ ಛೇ ಛೇ. ತಪ್ಪ ತಿಳಕೋಬ್ಯಾಡ್ರಿ ಸರ. ತಲ್ಯಾಗ ರಕ್ತ ತುಂಬಿತ್ತಲ್ರಿ."

"ಅಷ್ಟ. ಮತ್ತೇನಿಲ್ಲ."

ಪಾತ್ರೆ ಸದ್ದು ಮತ್ತೆ ಶುರುವಾಯಿತು. ಅವನು ನಿಶ್ಚಿಂತೆಯಾಗಿ ಇನ್ನೊಂದು ಕಪ್ಪು ಚಹ ಕೇಳಿದ. ಅವನ ತಲೆಯಿಂದ ತೆಗೆದದ್ದು ನನ್ನ ತಲೆಗೆ ಬಂದು ಕೂತಿತ್ತು, ಅವನು ಹಗುರಾಗಿದ್ದ. ಅದಕ್ಕೂ ಕರುಬಿದೆ. ಮುಂದೆ ರಾಯಬಾಗದ ಕಡೆಯ ಹುಡುಗಿಯನ್ನು ಮದುವೆಯಾದ. ನಾವು ಹೋಗಿ ಅಕ್ಕಿಕಾಳು ಹಾಕಿ ಬಂದೆವು. ನನಗೆ ಆರಾಮ ಆಗಬೇಕಿತ್ತು.

ಆ ದಕಾರದ ವಿಷಯ ಕೇಳಲು ನನಗೆ ವರ್ಷಗಳೇ ಹಿಡಿದವು. ಅವನ ತಾಯಿಯನ್ನು ಕೇಳಬಹುದಿತ್ತು, ಪಕ್ಕದಲ್ಲೇ ಕೂತಿದ್ದರು. ಅಷ್ಟರಲ್ಲಿ ಅವರು ತೀರಿಕೊಂಡರು. ತೊಂಬತ್ತರ ದಶಕದ ನಡುವೆ, ನಾವು ಚಿಕ್ಕೋಡಿಗೆ ಬಂದ ಮೇಲೆ, ಒಂದು ರವಿವಾರ ಅವಳು ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. ಮಾಡ್ಕೋತೀನಿ ಅಂದಿಯೋ, ಮಾಡ್ಕೋತಿದ್ನಿ ಅಂದಿಯೋ?

ಅವಳು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದಳು.

"ಇಷ್ಟ ವರ್ಷ ಇದನ್ನ ಹೊತಗೊಂಡ ಅಡ್ಡ್ಯಾಡಾಕತ್ತೀರೇನ್ರಿ?"

"ಹೇಳು."

"ನನಗ ನೆನಪಿಲ್ರಿ. ಅವನ ಹಿಡಿತ ಸಡ್ಲ ಆಗಾಕತ್ತಿತ್ತು, ಅದು ನೆನಪೈತಿ. ಕಣ್ಣ ತಗಸಬೇಕಿತ್ತು. ಅವ ಯಾವ ಮಾತಿಗೆ ಕಣ್ಣ ತಗೀತಾನ ಅಂತ ನನಗ ಗೊತ್ತಿತ್ತು, ಅದನ್ನ ಅಂದೆ."

ಇದು ನಾನು ಅಂಜಿದ್ದ ಎರಡು ಉತ್ತರಗಳಿಗಿಂತ ಕೆಟ್ಟದಾಗಿತ್ತು. ಆದರೂ ಕೇಳಿದೆ: "ಮತ್ತ ಆ ಗಾದಿ ಮ್ಯಾಲೆ ನಾ ಇದ್ದಿದ್ರ? ನನಗೇನ ಅಂತಿದ್ದಿ?"

ಅವಳು ಒಂದು ಕಾಯಿ ಒಡೆದು, ಬೀಜ ಬಾಯಿಗೆ ಹಾಕಿಕೊಂಡು, ಯೋಚಿಸುವವಳಂತೆ ಅಗಿದಳು.

"ನಿಮಗ ಭಾಳ ಏನೂ ಅನ್ನೂದ ಬ್ಯಾಡ್ರಿ. ಮಾಮಾ ಬಂದಾನ ಅಂದ್ರ ಸಾಕು, ಎದ್ದ ಕುಂಡ್ರತೀರಿ."

ಹೇಳಿ, ಮಡಿಲಿನ ಸಿಪ್ಪೆ ಚೆಲ್ಲುವ ಹಾಗೆ ನಕ್ಕಳು. ನಾನೂ ನಕ್ಕೆನೆಂದು ನನ್ನ ನೆನಪು. ಇಲ್ಲ, ನೀವು ನಗಲಿಲ್ಲ ಎನ್ನುತ್ತಾಳೆ.